ಟೈಪ್ ಬದಲಾದಾಗ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಪೋಕೆಮಾನ್ ಸ್ಕಾರ್ಲೆಟ್‌ನಲ್ಲಿ ಆನ್‌ಲೈನ್ ರ‍್ಯಾಂಕ್ಡ್ ಸಿಂಗಲ್ಸ್ ಆಡುತ್ತೇನೆ. ಟೈಪ್ ಚಾರ್ಟ್, ಅಂದರೆ ಯಾವ ಟೈಪಿನ ಏಟು ಯಾವ ಟೈಪಿಗೆ ಎಷ್ಟು ಪಟ್ಟು ಅನ್ನೋ ಪಟ್ಟಿ, ಬಾಯಿಪಾಠ ಇದೆ. ಆದರೂ ಎದುರಾಳಿ ಟೆರಾ ಮಾಡಿದ ಕೂಡಲೇ, ಅಂದರೆ ಪಂದ್ಯದ ನಡುವೆ ತನ್ನ ಪೋಕೆಮಾನ್ ಟೈಪ್ ಬದಲಾಯಿಸಿದ ಕೂಡಲೇ, ನನ್ನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಮೊನ್ನೆ ಎದುರಾಳಿಯ ಕಡೆ ಕೊನೆಗೆ ಕಿಂಗಾಂಬಿಟ್ ಉಳಿದಿತ್ತು, ನನ್ನ ಕಡೆ ಅರ್ಧ ಜೀವದ ಗ್ರೇಟ್ ಟಸ್ಕ್. ನಾಲ್ಕು ಪಟ್ಟು ಏಟು ಬೀಳುತ್ತದೆ ಅಂತ ಕ್ಲೋಸ್ ಕಾಂಬ್ಯಾಟ್ ಒತ್ತಿದೆ. ಅದು ಘೋಸ್ಟ್ ಆಗಿಬಿಟ್ಟಿತು, ಏಟು ತಾಗಲೇ ಇಲ್ಲ. ಅದೇ ಟರ್ನ್‌ನಲ್ಲಿ ಸ್ವೋರ್ಡ್ಸ್ ಡ್ಯಾನ್ಸ್ ಮಾಡಿ ದಾಳಿಯ ಬಲ ಏರಿಸಿಕೊಂಡಿತು. ಮುಂದಿನ ಟರ್ನ್‌ನಲ್ಲಿ ಹೆಡ್‌ಲಾಂಗ್ ರಷ್ ಹೊಡೆದೆ, ಅದರ ಜೀವ ಅರ್ಧ ಹೋಯಿತು, ಆದರೆ ಐರನ್ ಹೆಡ್‌ಗೆ ನನ್ನದು ಮಲಗಿತು. ಇದರಲ್ಲಿ ತಂತ್ರ ಅನ್ನೋದು ಇದೆಯಾ, ಇಲ್ಲಾ ಬರೀ ಅದೃಷ್ಟವಾ? ಟೆರಾ ಯಾವಾಗ ಮಾಡಬೇಕು? ನನ್ನ ಟಸ್ಕ್‌ಗೆ ಸಿಕ್ಕಾಗ ಇದ್ದ ಗ್ರೌಂಡ್ ಟೆರಾನೇ ಇದೆ, ಬದಲಾಯಿಸಬೇಕಾ?

ಉತ್ತರ: ತಂತ್ರವೇ. ಅದೃಷ್ಟದ ಪಾಲು ಸ್ವಲ್ಪ ಇರುತ್ತದೆ, ಆದರೆ ನೀವು ಸೋತದ್ದು ಅದರಿಂದಲ್ಲ. ಮೊದಲು ಆ ಒಂದು ಟರ್ನ್ ಅನ್ನೇ ಬಿಡಿಸಿ ನೋಡೋಣ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ.

ಕಿಂಗಾಂಬಿಟ್ ಡಾರ್ಕ್ ಮತ್ತು ಸ್ಟೀಲ್. ಎರಡಕ್ಕೂ ಫೈಟಿಂಗ್ ಅಂದರೆ ಆಗಲ್ಲ, ಹಾಗಾಗಿ ನಾಲ್ಕು ಪಟ್ಟು. ಇದು ನಿಮಗೆ ಗೊತ್ತು. ಎದುರಾಳಿಗೂ ಗೊತ್ತು. ಕಿಂಗಾಂಬಿಟ್ ಇಟ್ಟುಕೊಂಡವರು ಟೀಮ್ ಕಟ್ಟುವ ದಿನವೇ ಯೋಚಿಸುವ ಮೊದಲ ಸಂಗತಿ ಇದು: ಯಾರಾದರೂ ಫೈಟಿಂಗ್ ಮೂವ್ ಹೊಡೆದರೆ ಏನು ಮಾಡೋದು? ಅದಕ್ಕೇ ಅದರ ಟೆರಾ ಟೈಪ್ ಬಹಳ ಸಲ ಘೋಸ್ಟ್ ಇಲ್ಲವೇ ಫ್ಲೈಯಿಂಗ್ ಆಗಿರುತ್ತದೆ. ಹೊಡೆತದ ಬಲವೇ ಮುಖ್ಯ ಅನ್ನುವವರು ಡಾರ್ಕ್ ಇಡುತ್ತಾರೆ. ನೀವು ಒತ್ತಿದ ಬಟನ್, ಅವರು ಮೊದಲೇ ಕಾದು ಕೂತಿದ್ದ ಬಟನ್.

ಈಗ ನಿಮ್ಮ ಕೈಯಲ್ಲಿದ್ದ ಎರಡು ದೊಡ್ಡ ಮೂವ್‌ಗಳನ್ನು ಪಕ್ಕಪಕ್ಕ ಇಡಿ. ಕ್ಲೋಸ್ ಕಾಂಬ್ಯಾಟ್ ಮತ್ತು ಹೆಡ್‌ಲಾಂಗ್ ರಷ್ ಎರಡಕ್ಕೂ ಪವರ್ 120, ಎರಡೂ ಟಸ್ಕ್‌ನ ಸ್ವಂತ ಟೈಪಿನವು (ಮೊದಲನೆಯದು ಫೈಟಿಂಗ್, ಎರಡನೆಯದು ಗ್ರೌಂಡ್). ಎದುರಾಳಿ ಟೆರಾ ಮಾಡದಿದ್ದರೆ ಕ್ಲೋಸ್ ಕಾಂಬ್ಯಾಟ್ ನಾಲ್ಕು ಪಟ್ಟು, ಹೆಡ್‌ಲಾಂಗ್ ರಷ್ ಎರಡು ಪಟ್ಟು. ಘೋಸ್ಟ್ ಆದರೆ ಮೊದಲನೆಯದು ಸೊನ್ನೆ, ಎರಡನೆಯದು ಮಾಮೂಲಿ ಏಟು. ಡಾರ್ಕ್ ಆದರೆ ಎರಡು ಪಟ್ಟು ಮತ್ತು ಮಾಮೂಲಿ. ಫ್ಲೈಯಿಂಗ್ ಆದರೆ ಮೊದಲನೆಯದು ಅರ್ಧ, ಎರಡನೆಯದು ಸೊನ್ನೆ. ಮಾಮೂಲಿ ಏಟು ಅಂದರೆ ಹೆಡ್‌ಲಾಂಗ್ ರಷ್ ಸಾಮಾನ್ಯ ಕಿಂಗಾಂಬಿಟ್‌ನ ಸುಮಾರು ಅರ್ಧ ಜೀವ ತೆಗೆಯುತ್ತದೆ, ನೀವೇ ನೋಡಿದಿರಲ್ಲ. ಎರಡು ಪಟ್ಟಾದರೆ ಹೆಚ್ಚೂಕಡಿಮೆ ಮುಗಿಸುತ್ತದೆ.

ಅಂದರೆ ಕ್ಲೋಸ್ ಕಾಂಬ್ಯಾಟ್ ನಿಮಗೆ ಬೇಕಾದ್ದಕ್ಕಿಂತ ಜಾಸ್ತಿ ಕೊಡುತ್ತಿತ್ತು. ನಾಲ್ಕು ಪಟ್ಟು ಏಟಿನ ಅಗತ್ಯವೇ ಇರಲಿಲ್ಲ. ಹೆಡ್‌ಲಾಂಗ್ ರಷ್ ಹೊಡೆದಿದ್ದರೆ, ಟೆರಾ ಮಾಡದ ಕಿಂಗಾಂಬಿಟ್ ಹೇಗೂ ನೆಲಕಚ್ಚುತ್ತಿತ್ತು. ಘೋಸ್ಟ್ ಆಗಿದ್ದರೂ ಮೊದಲ ಟರ್ನ್‌ನಲ್ಲೇ ಅರ್ಧ ಜೀವ ಹೋಗಿರುತ್ತಿತ್ತು. ನಿಮ್ಮ ಟಸ್ಕ್ ಅದಕ್ಕಿಂತ ವೇಗದ್ದು, ಎರಡನೇ ಟರ್ನ್‌ನಲ್ಲೂ ಮೊದಲ ಏಟು ನಿಮ್ಮದೇ. ಗೆಲುವು ಖಾತ್ರಿ ಅಂತ ಹೇಳಲ್ಲ, ಆದರೆ ಐರನ್ ಹೆಡ್ ಬರುವ ಮೊದಲೇ ಎರಡು ಏಟು ಬಿದ್ದಿರುತ್ತಿದ್ದವು. ಫ್ಲೈಯಿಂಗ್ ಆಗಿದ್ದರೆ ಮಾತ್ರ ನೀವು ಪೂರ್ತಿ ಕೆಡುತ್ತಿದ್ದಿರಿ.

ಟೈಪ್ ಬದಲಾಗುವ ಆಟದಲ್ಲಿ ಮೊದಲು ಬಿಡಬೇಕಾದ ಅಭ್ಯಾಸ ಇದೇ: ಎದುರಿಗೆ ಈಗ ಕಾಣುತ್ತಿರುವ ಟೈಪಿಗೆ ಅತಿ ಜೋರಾದ ಮೂವ್ ಹುಡುಕೋದು. ಅದರ ಬದಲು, ಎದುರಾಳಿ ಏನೇ ಆದರೂ ನನಗೆ ಪೂರ್ತಿ ನಷ್ಟ ಆಗದ ಮೂವ್ ಯಾವುದು ಅಂತ ನೋಡಿ. ಎಲ್ಲಾ ಸಲ ಅದನ್ನೇ ಒತ್ತಿ ಅಂತಲ್ಲ. ಆದರೆ ಲೆಕ್ಕ ಶುರುವಾಗಬೇಕಾದ್ದು ಅಲ್ಲಿಂದ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಈ ಸರಣಿಯಲ್ಲಿ ಟೈಪ್ ಬದಲಾಯಿಸುವ ವಿದ್ಯೆ ಟೆರಾದಿಂದ ಶುರುವಾದದ್ದಲ್ಲ. 1996ರ ಮೊದಲ ಆಟದಲ್ಲೇ ಪೊರಿಗಾನ್‌ಗೆ ಕನ್ವರ್ಷನ್ ಅಂತ ಒಂದು ಮೂವ್ ಇತ್ತು. ಆಗ ಅದು ಎದುರಾಳಿಯ ಟೈಪ್ ಅನ್ನೇ ನಕಲು ಮಾಡುತ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ಬಂದ ಹತ್ತಾರು ಉಪಾಯಗಳನ್ನು ನೋಡಿದರೆ, ಯಾವುದು ಗೆದ್ದಿತು, ಯಾವುದು ಮೂಲೆ ಸೇರಿತು ಅನ್ನೋದನ್ನು ಬಹುತೇಕ ಒಂದೇ ಸಂಗತಿ ತೀರ್ಮಾನಿಸಿದೆ. ಯಾವ ಟೈಪ್ ಆಗುತ್ತದೆ ಅನ್ನೋದಲ್ಲ. ಟರ್ನ್‌ನ ಯಾವ ಹೊತ್ತಿನಲ್ಲಿ ಆಗುತ್ತದೆ ಅನ್ನೋದು.

ಕೆಕ್ಲಿಯಾನ್ ನೋಡಿ. 2002ರಲ್ಲಿ ಬಂದ ಹಲ್ಲಿ ಜಾತಿಯ ಪೋಕೆಮಾನ್, ಊಸರವಳ್ಳಿ ಅನ್ನಿ. ಅದರ ಎಬಿಲಿಟಿ (ತಾನಾಗೇ ಕೆಲಸ ಮಾಡುವ ವಿಶೇಷ ಗುಣ) ಕಲರ್ ಚೇಂಜ್. ಯಾವ ಟೈಪಿನ ಏಟು ಬಿತ್ತೋ ಆ ಟೈಪ್ ಆಗುತ್ತದೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಏಟು ಬಿದ್ದ ಮೇಲೆ ಬದಲಾಗುತ್ತದೆ. ನೋವಾದ ಮೇಲೆ ಕವಚ ತೊಟ್ಟು ಏನು ಪ್ರಯೋಜನ? ಇನ್ನೂ ತಮಾಷೆ ಅಂದರೆ, 18 ಟೈಪ್‌ಗಳಲ್ಲಿ ತನ್ನದೇ ಏಟನ್ನು ಅರ್ಧ ಮಾಡಿಕೊಳ್ಳುವವು 9 ಮಾತ್ರ. 7 ಟೈಪ್‌ಗಳಿಗೆ ಏನೂ ವ್ಯತ್ಯಾಸ ಇಲ್ಲ. ಘೋಸ್ಟ್ ಮತ್ತು ಡ್ರ್ಯಾಗನ್ ಅಂತೂ ತಮಗೆ ತಾವೇ ಶತ್ರು. ಕೆಕ್ಲಿಯಾನ್‌ಗೆ ಒಂದು ಡ್ರ್ಯಾಗನ್ ಮೂವ್ ಹೊಡೆಯಿರಿ, ಅದು ಡ್ರ್ಯಾಗನ್ ಆಗುತ್ತದೆ, ಅದೇ ಮೂವ್ ಮತ್ತೆ ಹೊಡೆದರೆ ಎರಡು ಪಟ್ಟು. ಮೇಲಾಗಿ ಬದಲಾವಣೆಯ ಹಗ್ಗ ಎದುರಾಳಿಯ ಕೈಯಲ್ಲಿದೆ. ನೀವು ಏನಾಗಬೇಕು ಅಂತ ಅವನು ತೀರ್ಮಾನಿಸುತ್ತಾನೆ.

ಹನ್ನೊಂದು ವರ್ಷದ ನಂತರ, 2013ರಲ್ಲಿ ಎಕ್ಸ್ ಮತ್ತು ವೈ ಬಂದಾಗ, ಅದೇ ಐಡಿಯಾವನ್ನು ಉಲ್ಟಾ ಮಾಡಿದರು. ಪ್ರೋಟಿಯನ್ ಅನ್ನುವ ಎಬಿಲಿಟಿ. ತಾನು ಯಾವ ಮೂವ್ ಹೊಡೆಯುತ್ತದೋ ಆ ಟೈಪ್ ಆಗುತ್ತದೆ, ಅದೂ ಏಟು ಬೀಳುವ ಮೊದಲೇ. ಕೆಕ್ಲಿಯಾನ್‌ಗೂ ಇದು ಸಿಕ್ಕಿತು, ಆದರೆ ಹೆಸರು ಮಾಡಿದ್ದು ಗ್ರೆನಿಂಜಾ. ಒಂದೇ ಉದಾಹರಣೆ ಸಾಕು. ಗ್ರೆನಿಂಜಾ ವಾಟರ್ ಮತ್ತು ಡಾರ್ಕ್. ಎದುರಿಗೆ ಕೆಲ್ಡಿಯೋ, ವಾಟರ್ ಮತ್ತು ಫೈಟಿಂಗ್. ಕೆಲ್ಡಿಯೋನ ಸೀಕ್ರೆಟ್ ಸ್ವೋರ್ಡ್ ಬಿದ್ದರೆ ಗ್ರೆನಿಂಜಾಗೆ ಎರಡು ಪಟ್ಟು ನೋವು. ಆದರೆ ಗ್ರೆನಿಂಜಾ ವೇಗದ್ದು. ಅದು ಮೊದಲು ಎಕ್ಸ್‌ಟ್ರಾಸೆನ್ಸರಿ ಹೊಡೆಯುತ್ತದೆ, ಹೊಡೆಯುವ ಕ್ಷಣಕ್ಕೆ ಸೈಕಿಕ್ ಆಗುತ್ತದೆ. ಕೆಲ್ಡಿಯೋಗೆ ಎರಡು ಪಟ್ಟು ಏಟು, ಜೊತೆಗೆ ಸ್ವಂತ ಟೈಪಿನ ಮೂವ್‌ಗೆ ಸಿಗುವ ಒಂದೂವರೆ ಪಟ್ಟಿನ ಲಾಭ. ಕೆಲ್ಡಿಯೋ ಉಳಿದುಕೊಂಡು ಸೀಕ್ರೆಟ್ ಸ್ವೋರ್ಡ್ ಬೀಸಿದರೂ ಅದು ಈಗ ಸೈಕಿಕ್ ಮೇಲೆ ಬೀಳುತ್ತದೆ, ಅರ್ಧ ಏಟು. ಒಂದು ಬಟನ್, ಎರಡು ಕೆಲಸ.

ಇದರ ಪರಿಣಾಮ ಏನಾಯಿತು? ಸ್ಪರ್ಧೆಯ ಆಟಕ್ಕೆ ತಮ್ಮದೇ ನಿಯಮ ಮಾಡಿಕೊಳ್ಳುವ ಸ್ಮೋಗನ್ ಬಳಗದವರು ಗ್ರೆನಿಂಜಾವನ್ನು ತಮ್ಮ ಮುಖ್ಯ ಪಟ್ಟಿಯಿಂದಲೇ ಹೊರಗಿಟ್ಟರು. 2019ರಲ್ಲಿ ಬಂದ ಸಿಂಡರೇಸ್‌ಗೆ ಇದೇ ಎಬಿಲಿಟಿ ಲಿಬೆರೋ ಅನ್ನುವ ಬೇರೆ ಹೆಸರಿನಲ್ಲಿ ಸಿಕ್ಕಿತು. ಅದಕ್ಕೂ ಅದೇ ಗತಿಯಾಯಿತು. ಕೊನೆಗೆ ಆಟ ಮಾಡುವವರೇ 2022ರ ಸ್ಕಾರ್ಲೆಟ್-ವೈಲೆಟ್‌ನಲ್ಲಿ ಕಡಿವಾಣ ಹಾಕಿದರು. ಈಗ ಪ್ರೋಟಿಯನ್ ಮತ್ತು ಲಿಬೆರೋ ಕಣಕ್ಕೆ ಇಳಿದ ಪ್ರತಿ ಸಲಕ್ಕೆ ಒಮ್ಮೆ ಮಾತ್ರ ಕೆಲಸ ಮಾಡುತ್ತವೆ. ಒಂದು ಸಲ ಸೈಕಿಕ್ ಆದರೆ, ಹೊರಗೆ ಹೋಗಿ ಬರುವವರೆಗೂ ಸೈಕಿಕ್. ಬಲ ಕಡಿಮೆಯಾಗಿದ್ದು ಸ್ವಲ್ಪವೇ ಅನಿಸಬಹುದು, ಆದರೆ ಆಡಿ ನೋಡಿದರೆ ಬೇರೆಯೇ ಆಟ. ಮೊದಲ ಮೂವ್ ಯಾವುದು ಅನ್ನೋದೇ ಈಗ ಒಂದು ತೀರ್ಮಾನ. ಹಿಂದೆ ಯೋಚಿಸುವ ಅಗತ್ಯವೇ ಇರಲಿಲ್ಲ.

ನಡುವೆ ಪೊರಿಗಾನ್ ಮನೆತನಕ್ಕೂ ಒಂದು ಒಳ್ಳೆಯ ಕಾಲ ಬಂದಿತ್ತು. 2016ರ ಸನ್ ಮತ್ತು ಮೂನ್‌ನಲ್ಲಿ ಝಡ್ ಮೂವ್ ಇದ್ದವಲ್ಲ, ಪಂದ್ಯಕ್ಕೆ ಒಮ್ಮೆ ಮಾತ್ರ. ಕನ್ವರ್ಷನ್ ಅನ್ನು ಝಡ್ ಮೂವ್ ಆಗಿ ಬಳಸಿದರೆ ಟೈಪ್ ಬದಲಾಗುವುದರ ಜೊತೆಗೆ ದಾಳಿ, ರಕ್ಷಣೆ, ವೇಗ ಎಲ್ಲವೂ ಒಂದೊಂದು ಮೆಟ್ಟಿಲು ಏರುತ್ತಿದ್ದವು. ಪೊರಿಗಾನ್-ಝಡ್‌ಗೆ ಅಡಾಪ್ಟಬಿಲಿಟಿ ಬೇರೆ ಇದೆ, ಸ್ವಂತ ಟೈಪಿನ ಮೂವ್‌ಗೆ ಒಂದೂವರೆಯ ಬದಲು ಎರಡು ಪಟ್ಟು. ಅಷ್ಟು ವರ್ಷ ಯಾರೂ ತಿರುಗಿ ನೋಡದ ಮೂವ್ ಒಂದೇ ರಾತ್ರಿಯಲ್ಲಿ ಭಯ ಹುಟ್ಟಿಸಿತು. ಅದು ನನ್ನ ಮೆಚ್ಚಿನ ಸೆಟ್, ಸುಮ್ನೆ ಹೇಳಿದೆ. ಆದರೆ ಅಲ್ಲೂ ಗಮನಿಸಿ: ಟೈಪ್ ಬದಲಾಯಿಸೋಕೆ ಒಂದು ಪೂರ್ತಿ ಟರ್ನ್ ಕೊಡಬೇಕಿತ್ತು. ಮಾಮೂಲಿ ಕನ್ವರ್ಷನ್‌ಗೆ ಆ ಬೆಲೆ ಜಾಸ್ತಿ. ಎಲ್ಲ ಅಂಕಗಳೂ ಏರುವ ಲಾಭ ಸೇರಿದ ಮೇಲಷ್ಟೇ ಅದು ಗಿಟ್ಟಿತು.

ಎದುರಾಳಿಯ ಟೈಪ್ ಬದಲಾಯಿಸುವ ಮೂವ್‌ಗಳಿಗೂ ಇದೇ ಕಷ್ಟ. ಸೋಕ್ ಹೊಡೆದರೆ ಎದುರಿನದು ಬರೀ ವಾಟರ್ ಆಗುತ್ತದೆ. ಸ್ಟೀಲ್‌ಗೆ ವಿಷ ಹತ್ತಲ್ಲ, ಆದರೆ ಸೋಕ್ ಆದಮೇಲೆ ಟಾಕ್ಸಿಕ್ ಹತ್ತುತ್ತದೆ. ಫಾರೆಸ್ಟ್ಸ್ ಕರ್ಸ್ ಮತ್ತು ಟ್ರಿಕ್-ಆರ್-ಟ್ರೀಟ್ ಮೂರನೇ ಟೈಪ್ ಅಂಟಿಸುತ್ತವೆ. ಬಗ್ ಮತ್ತು ಸ್ಟೀಲ್ ಆದ ಸೈಝರ್‌ಗೆ ಗ್ರಾಸ್ ಅಂಟಿಸಿದರೆ ಫೈರ್ ಏಟು ಎಂಟು ಪಟ್ಟು ಬೀಳುತ್ತದೆ! ಕಾಗದದ ಮೇಲೆ ಭರ್ಜರಿ. ಆದರೆ ಸಿಂಗಲ್ಸ್‌ನಲ್ಲಿ ನೀವು ಒಂದು ಟರ್ನ್ ಕಳೆದು ಅಂಟಿಸಿದ್ದನ್ನು ಅವನು ಸ್ವಿಚ್ ಮಾಡಿ, ಅಂದರೆ ಬೇರೆ ಪೋಕೆಮಾನ್ ಇಳಿಸಿ, ತೊಳೆದುಕೊಳ್ಳುತ್ತಾನೆ. ಡಬಲ್ಸ್‌ನಲ್ಲಿ ಮಾತ್ರ ಪಕ್ಕದವನು ಅದೇ ಟರ್ನ್‌ನಲ್ಲಿ ಹೊಡೆಯಬಹುದು, ಹಾಗಾಗಿ ಸ್ವಲ್ಪ ಜೀವ ಇದೆ. ಟೆರಾ ಆದವರ ಮೇಲೆ ಇವು ಯಾವುವೂ ನಡೆಯಲ್ಲ ಅನ್ನೋದನ್ನೂ ನೆನಪಿಡಿ.

ಈಗ ಟೆರಾ. ಟರ್ನ್ ಶುರುವಾದಾಗ ಮೊದಲು ಸ್ವಿಚ್‌ಗಳು ನಡೆಯುತ್ತವೆ. ಆಮೇಲೆ ಟೆರಾ. ಆಮೇಲೆ ಮೂವ್‌ಗಳು. ಅಂದರೆ ನಿಧಾನದ ಪೋಕೆಮಾನ್ ಕೂಡ ಮೊದಲ ಏಟು ಬೀಳುವ ಮುಂಚೆಯೇ ಹೊಸ ಟೈಪ್ ತೊಟ್ಟುಕೊಂಡಿರುತ್ತದೆ. ಗ್ರೆನಿಂಜಾಗೆ ಬೇಕಿದ್ದ ವೇಗ ಇಲ್ಲಿ ಬೇಡ. ಕನ್ವರ್ಷನ್‌ನಲ್ಲಿ ಖರ್ಚಾಗುತ್ತಿದ್ದ ಟರ್ನ್ ಇಲ್ಲಿ ಖರ್ಚಾಗಲ್ಲ, ಅದೇ ಟರ್ನ್‌ನಲ್ಲಿ ಮೂವ್ ಕೂಡ ಮಾಡಬಹುದು. ಕಲರ್ ಚೇಂಜ್‌ನಂತೆ ಹಗ್ಗ ಎದುರಾಳಿಯ ಕೈಯಲ್ಲಿಲ್ಲ. ಹೊರಗೆ ಹೋಗಿ ಬಂದರೂ ಅಳಿಸಿಹೋಗಲ್ಲ. ಹಳೆಯ ಉಪಾಯಗಳಲ್ಲಿ ಏನೇನು ಕೊರತೆ ಇತ್ತೋ ಅದೆಲ್ಲವನ್ನೂ ತುಂಬಿ, ಬದಲಿಗೆ ಒಂದೇ ಷರತ್ತು ಹಾಕಿದ್ದಾರೆ: ಪಂದ್ಯಕ್ಕೆ ಒಮ್ಮೆ, ಟೀಮ್‌ನಲ್ಲಿ ಒಂದಕ್ಕೆ.

ಇದಕ್ಕೆ ಹತ್ತಿರದ್ದು ಏನಾದರೂ ಮೊದಲು ಇದ್ದರೆ ಅದು ಮೆಗಾ ಎವಲ್ಯೂಷನ್, ಪಂದ್ಯದ ನಡುವೆ ರೂಪವೇ ಬದಲಾಗೋದು. ಚಾರಿಝಾರ್ಡ್ ಕಣಕ್ಕಿಳಿದರೆ ಅದು ಎಕ್ಸ್ ಆಗುತ್ತದಾ ವೈ ಆಗುತ್ತದಾ ಅಂತ ಗೊತ್ತಾಗುತ್ತಿರಲಿಲ್ಲ. ಎಕ್ಸ್ ಆದರೆ ಫೈರ್ ಮತ್ತು ಡ್ರ್ಯಾಗನ್, ಗ್ರೌಂಡ್ ಏಟು ತಾಗುತ್ತದೆ. ವೈ ಆದರೆ ಫ್ಲೈಯಿಂಗ್ ಉಳಿಯುತ್ತದೆ, ಗ್ರೌಂಡ್ ತಾಗಲ್ಲ. ಆಗ ಈ ತಲೆಬಿಸಿ ಒಂದೆರಡು ಪೋಕೆಮಾನ್‌ಗಳಿಗೆ ಸೀಮಿತ. ಈಗ ಎಲ್ಲರಿಗೂ.

ನೀವು ಇಪ್ಪತ್ತೆಂಟು ಆಡಿದ್ದರೆ ಇದು ತಕ್ಷಣ ಅರ್ಥವಾಗುತ್ತದೆ. ತುರುಫು ಎಲೆಯನ್ನು ಮಗುಚಿ ಇಟ್ಟಿರುತ್ತಾರೆ. ಅದನ್ನು ತೆರೆದಾಗ ಆಗುವ ಲಾಭ ಒಂದು. ತೆರೆಯದೇ ಇದ್ದಷ್ಟು ಹೊತ್ತು ಉಳಿದವರು ಹೆದರಿ ಹೆದರಿ ಎಲೆ ಇಳಿಸುತ್ತಾರಲ್ಲ, ಆ ಲಾಭ ಇನ್ನೊಂದು. ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರೇ ಜಾಸ್ತಿ.

ಹಾಗಾದರೆ ಟೆರಾದಿಂದ ಏನು ಸಿಗುತ್ತದೆ ಅನ್ನೋದನ್ನು ಅಂಕಿಯಲ್ಲಿ ನೋಡೋಣ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ. ಸ್ವಂತ ಟೈಪಿಗೇ ಟೆರಾ ಮಾಡಿದರೆ ಆ ಟೈಪಿನ ಮೂವ್‌ಗೆ ಎರಡು ಪಟ್ಟು ಬಲ, ಹಾಗಾಗಿ ಅದೇ ಎಲ್ಲಕ್ಕಿಂತ ಬಲಶಾಲಿ ಅಂತ. ಒಟ್ಟು ಬಲ ನೋಡಿದರೆ ಹೌದು. ಆದರೆ ಟೆರಾದಿಂದ ಹೊಸದಾಗಿ ಸಿಕ್ಕಿದ್ದು ಎಷ್ಟು? ಒಂದೂವರೆ ಮೊದಲೇ ಇತ್ತು, ಎರಡಾಯಿತು. ಮೂರನೇ ಒಂದು ಭಾಗ ಏರಿಕೆ. ಹೊಸ ಟೈಪಿಗೆ ಹೋದರೆ ಆ ಟೈಪಿನ ಮೂವ್ ಒಂದರಿಂದ ಒಂದೂವರೆಗೆ ಏರುತ್ತದೆ, ಅರ್ಧದಷ್ಟು ಏರಿಕೆ. ಹಳೆಯ ಟೈಪ್‌ಗಳ ಒಂದೂವರೆಯೂ ಹಾಗೇ ಉಳಿಯುತ್ತದೆ. ಮುಖ್ಯವಾದ ಮಾತು ಇದು: ಟೆರಾ ಆದಾಗ ಹೊಡೆಯುವ ಬಲದಲ್ಲಿ ಹಳೆಯ ಟೈಪ್ ಉಳಿಯುತ್ತದೆ, ತಡೆಯುವ ಬಲದಲ್ಲಿ ಹೋಗುತ್ತದೆ. ನಿಮ್ಮನ್ನು ಮುಗಿಸಿದ ಕಿಂಗಾಂಬಿಟ್ ಘೋಸ್ಟ್ ಆದಮೇಲೂ ಐರನ್ ಹೆಡ್ ಪೂರ್ತಿ ಬಲದಲ್ಲೇ ಬೀಸಿತಲ್ಲ, ಅದಕ್ಕೆ ಕಾರಣ ಇದು.

ಡ್ರ್ಯಾಗೊನೈಟ್ ಇದಕ್ಕೆ ಸರಿಯಾದ ಉದಾಹರಣೆ. ಎಕ್ಸ್‌ಟ್ರೀಮ್ ಸ್ಪೀಡ್ ನಾರ್ಮಲ್ ಟೈಪಿನ ಮೂವ್, ಪವರ್ 80, ಪ್ರಯಾರಿಟಿ ಎರಡು, ಅಂದರೆ ವೇಗ ಲೆಕ್ಕಿಸದೆ ಮೊದಲು ಬೀಳುತ್ತದೆ. ಡ್ರ್ಯಾಗೊನೈಟ್‌ಗೆ ಅದು ಹೊರಗಿನ ಟೈಪ್. ಟೆರಾ ನಾರ್ಮಲ್ ಆದರೆ ಬಲ ಅರ್ಧದಷ್ಟು ಏರುತ್ತದೆ, ಐಸ್‌ಗೆ ಇದ್ದ ನಾಲ್ಕು ಪಟ್ಟು ಭಯ ಹೋಗುತ್ತದೆ, ಉಳಿಯುವ ದೌರ್ಬಲ್ಯ ಫೈಟಿಂಗ್ ಒಂದೇ. ನಾರ್ಮಲ್ ಟೆರಾನಾ ಅಂತ ಮೂಗು ಮುರಿಯುವವರು ಇದಕ್ಕೆ ಸಿಕ್ಕಿ ಬೀಳುತ್ತಾರೆ.

ಇನ್ನೊಂದು ತುದಿಯಲ್ಲಿ ಟೆರಾ ಬ್ಲಾಸ್ಟ್. ಪವರ್ 80, ಟೆರಾ ಆದಮೇಲೆ ಆ ಟೈಪಿನದೇ ಆಗುತ್ತದೆ. ಮೂವ್‌ಗಳ ಬಡತನ ಇದ್ದವರಿಗೆ ಇದು ವರ. ರೆಜಿಎಲೆಕಿ ಎಲ್ಲಾ ಪೋಕೆಮಾನ್‌ಗಳಲ್ಲೂ ವೇಗದ್ದು, ಅದರ ಸ್ಪೀಡ್ 200. ಆದರೆ ಎಲೆಕ್ಟ್ರಿಕ್ ಬಿಟ್ಟರೆ ಹೊಡೆಯೋಕೆ ಹೆಚ್ಚೇನೂ ಇರಲಿಲ್ಲ. ಒಂದು ಗ್ರೌಂಡ್ ಪೋಕೆಮಾನ್ ಇಳಿಸಿದರೆ ಕತೆ ಮುಗಿಯಿತು. ಟೆರಾ ಐಸ್ ಕೊಟ್ಟರೆ? ತಡೆಯೋಕೆ ಬಂದ ಲ್ಯಾಂಡೊರಸ್ ಮತ್ತು ಗಾರ್ಚಾಂಪ್ ಇಬ್ಬರಿಗೂ ಐಸ್ ನಾಲ್ಕು ಪಟ್ಟು. ತಡೆಗೋಡೆಯೇ ಮೊದಲು ಬೀಳುತ್ತದೆ. ಹಿಂದಿನ ಪೀಳಿಗೆಯಲ್ಲಿ ಸಲೀಸಾಗಿ ಒಳಗಿದ್ದ ಅದನ್ನು ಸ್ಮೋಗನ್‌ನವರು ಈ ಸಲ ಹೊರಗಿಟ್ಟರು.

ರಕ್ಷಣೆಯ ಕಡೆ ಇನ್ನೂ ರಸವತ್ತಾಗಿದೆ, ಯಾಕೆಂದರೆ ಅಲ್ಲಿ ಟೈಪ್ ಜೊತೆ ಎಬಿಲಿಟಿ ಸೇರುತ್ತದೆ. ಕತೆಯ ಭಾಗದಲ್ಲೇ ಆಟ ಇದನ್ನು ಕಲಿಸುತ್ತದೆ, ಎಷ್ಟೋ ಜನ ಗಮನಿಸಿರಲ್ಲ. ಲೆವಿನ್ಸಿಯಾ ಜಿಮ್‌ನ ಅಯೋನೋ ನೆನಪಿದೆಯಾ? ಎಲೆಕ್ಟ್ರಿಕ್ ಜಿಮ್, ನೀವು ಗ್ರೌಂಡ್ ಪೋಕೆಮಾನ್ ತಗೊಂಡು ಹೋಗುತ್ತೀರಿ. ಅವಳ ಕೊನೆಯದು ಮಿಸ್ಮೇಜಿಯಸ್. ಅದು ಎಲೆಕ್ಟ್ರಿಕ್ ಆಗಿ ಟೆರಾ ಆಗುತ್ತದೆ. ಎಲೆಕ್ಟ್ರಿಕ್‌ಗೆ ಇರೋ ಒಂದೇ ದೌರ್ಬಲ್ಯ ಗ್ರೌಂಡ್. ಆದರೆ ಅದರ ಎಬಿಲಿಟಿ ಲೆವಿಟೇಟ್, ಗ್ರೌಂಡ್ ಏಟು ತಾಗೋದೇ ಇಲ್ಲ. ದೌರ್ಬಲ್ಯ ಸೊನ್ನೆ. ಗಾರ್ಗಾನಾಕಲ್ ಇನ್ನೊಂದು. ಬರೀ ರಾಕ್ ಆಗಿದ್ದಾಗ ಐದು ಟೈಪ್‌ಗಳಿಗೆ ಹೆದರಬೇಕು. ಅದರ ಪ್ಯೂರಿಫೈಯಿಂಗ್ ಸಾಲ್ಟ್ ಘೋಸ್ಟ್ ಏಟನ್ನು ಅರ್ಧ ಮಾಡುತ್ತದೆ. ಹಾಗಾಗಿ ಟೆರಾ ಘೋಸ್ಟ್ ಆದರೆ ಘೋಸ್ಟ್ ಏಟು ಮಾಮೂಲಿಗೆ ಇಳಿಯುತ್ತದೆ, ಡಾರ್ಕ್ ಒಂದೇ ಚಿಂತೆ. ದೌರ್ಬಲ್ಯದ ಏಟು ಬಿಟ್ಟು ಬೇರೆ ಏಟು ತಾಗದ ವಂಡರ್ ಗಾರ್ಡ್ ಇರುವ ಶೆಡಿಂಜಾ ಸ್ಕಾರ್ಲೆಟ್-ವೈಲೆಟ್‌ನಲ್ಲಿ ಇಲ್ಲವೇ ಇಲ್ಲ. ಇದ್ದು ಟೆರಾ ಎಲೆಕ್ಟ್ರಿಕ್ ಜೊತೆ ಗ್ರೌಂಡ್ ಏಟು ತಪ್ಪಿಸುವ ಏರ್ ಬಲೂನ್ ಹಿಡಿದು ನಿಂತಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಬಿಟ್ಟಿದ್ದು ಬೇಕಂತಲೇ ಅಂತ ನನ್ನ ಗುಮಾನಿ.

ಏಟಿನ ಲೆಕ್ಕವೇ ಇಲ್ಲದ ಲಾಭಗಳೂ ಇವೆ. ಗ್ರಾಸ್ ಆದರೆ ಸ್ಪೋರ್ ನಿದ್ದೆ ತರಲ್ಲ. ಫೈರ್ ಆದರೆ ವಿಲ್-ಓ-ವಿಸ್ಪ್ ಸುಡಲ್ಲ. ಎಲೆಕ್ಟ್ರಿಕ್ ಆದರೆ ಪ್ಯಾರಾಲಿಸಿಸ್ ಇಲ್ಲ. ಡಾರ್ಕ್ ಆದರೆ ಪ್ರ್ಯಾಂಕ್‌ಸ್ಟರ್ ಎಬಿಲಿಟಿ ಇರುವವರು ಮೊದಲೇ ಎಸೆಯುವ ಕಿತಾಪತಿ ಮೂವ್ ನಡೆಯಲ್ಲ. ಫ್ಲೈಯಿಂಗ್ ಆದರೆ ನೆಲದ ಮೇಲೆ ಹರಡಿದ ಸ್ಪೈಕ್ಸ್ ಚುಚ್ಚಲ್ಲ. ಎದುರಾಳಿಯ ಟೀಮ್ ಪೂರ್ತಿ ಯಾವುದೋ ಒಂದು ಕಾಯಿಲೆ ಹರಡೋದರ ಮೇಲೆ ನಿಂತಿದ್ದರೆ, ಒಂದು ಟೆರಾ ಅವರ ಎರಡು ಮೂರು ಟರ್ನ್‌ಗಳನ್ನು ನೀರಿಗೆ ಹಾಕುತ್ತದೆ.

ಇಷ್ಟೆಲ್ಲ ಲಾಭ ಇದ್ದರೂ ಸ್ಮೋಗನ್‌ನಲ್ಲಿ ಟೆರಾ ನಿಷೇಧ ಆಗಲಿಲ್ಲ ಅನ್ನೋದು ಯೋಚಿಸಬೇಕಾದ್ದು. ಹಿಂದಿನ ಪೀಳಿಗೆಯ ಡೈನಾಮ್ಯಾಕ್ಸ್ ಅನ್ನು ಅವರು 2019ರ ಡಿಸೆಂಬರ್‌ನಲ್ಲೇ, ಆಟ ಬಂದು ಕೆಲವೇ ವಾರಗಳಲ್ಲಿ ಬಹಿಷ್ಕರಿಸಿದ್ದರು. ಟೆರಾ ಬಗ್ಗೆಯೂ ಅದೇ ಜಗಳ ಎದ್ದಿತು, ಮತಕ್ಕೂ ಬಂತು, ಉಳಿಯಿತು. ನನ್ನ ಪ್ರಕಾರ ಕಾರಣ ಸರಳ. ಡೈನಾಮ್ಯಾಕ್ಸ್‌ನಲ್ಲಿ ಪೋಕೆಮಾನ್ ಸುಮ್ಮನೆ ದೊಡ್ಡದಾಗುತ್ತಿತ್ತು, ಜೀವವೂ ಜಾಸ್ತಿ, ಏಟೂ ಜಾಸ್ತಿ, ಕಳೆದುಕೊಳ್ಳುವುದು ಏನೂ ಇರಲಿಲ್ಲ. ಟೆರಾದಲ್ಲಿ ಕಳೆದುಕೊಳ್ಳಬೇಕು. ಕಿಂಗಾಂಬಿಟ್ ಘೋಸ್ಟ್ ಆದಾಗ ಫೈಟಿಂಗ್‌ನಿಂದ ತಪ್ಪಿಸಿಕೊಂಡಿತು, ನಿಜ. ಆದರೆ ಸ್ಟೀಲ್ ಕೊಡುತ್ತಿದ್ದ ಅಷ್ಟೂ ತಡೆಗಳು ಹೋದವು. ಐಸ್, ರಾಕ್, ಡ್ರ್ಯಾಗನ್, ಗ್ರಾಸ್ ಎಲ್ಲವೂ ಈಗ ಪೂರ್ತಿ ಬೀಳುತ್ತವೆ, ಸೈಕಿಕ್ ಕೂಡ ತಾಗುತ್ತದೆ. ಅಷ್ಟೇ ಅಲ್ಲ, ಮೊದಲು ಅರ್ಧ ಬೀಳುತ್ತಿದ್ದ ಡಾರ್ಕ್ ಮೂವ್ ನಾಕ್ ಆಫ್ ಈಗ ಎರಡು ಪಟ್ಟು. ನಿಮ್ಮ ಟಸ್ಕ್‌ಗೆ ನಾಕ್ ಆಫ್ ಕಲಿಸಿದ್ದರೆ, ಅವನು ಘೋಸ್ಟ್ ಆಗಿದ್ದೇ ನಿಮಗೆ ಒಂದು ಬಾಗಿಲು.

ಅಧಿಕೃತ ಪಂದ್ಯಾವಳಿಗಳಲ್ಲಿ ಇನ್ನೊಂದು ಪಾಠ ಸಿಕ್ಕಿದೆ. ಅಲ್ಲಿ ಇಬ್ಬರ ಟೀಮ್ ಪಟ್ಟಿಯನ್ನೂ ಪಂದ್ಯಕ್ಕೆ ಮೊದಲು ತೋರಿಸುತ್ತಾರೆ, ಟೆರಾ ಟೈಪ್ ಸಮೇತ. ಗುಟ್ಟೇ ಇಲ್ಲ. ಹಾಗಂತ ಟೆರಾದ ಬೆಲೆ ಇಳಿಯಿತಾ? ಇಲ್ಲ. ಯಾವ ಟೈಪ್ ಅಂತ ಗೊತ್ತಿದ್ದರೂ ಯಾರು, ಯಾವ ಟರ್ನ್‌ನಲ್ಲಿ ಅನ್ನೋದು ಗೊತ್ತಿಲ್ಲವಲ್ಲ. ನೀವು ಆಡುವ ರ‍್ಯಾಂಕ್ಡ್‌ನಲ್ಲಿ ಪಟ್ಟಿ ತೋರಿಸಲ್ಲ, ಹಾಗಾಗಿ ಎರಡೂ ಊಹೆ ಮಾಡಬೇಕು. ಆದರೆ ಊಹೆಗೆ ಬೇಕಾದ ಸುಳಿವು ಧಾರಾಳವಾಗಿ ಸಿಗುತ್ತದೆ. ನಾಲ್ಕು ಪಟ್ಟು ಏಟಿನ ಎದುರು ಒಬ್ಬ ಸ್ವಿಚ್ ಮಾಡದೆ ನಿಂತಿದ್ದಾನೆ ಅಂದರೆ ಯಾಕೆ? ಪಾರಾಗುವ ದಾರಿ ಇದೆ ಅಂತಲೇ. ನಿಮ್ಮ ಪಂದ್ಯದಲ್ಲಿ ಅವನಿಗೆ ಸ್ವಿಚ್ ಮಾಡೋಕೆ ಬೇರೆ ಯಾರೂ ಉಳಿದಿರಲಿಲ್ಲ. ಕೊನೆಯ ಪೋಕೆಮಾನ್, ಟೆರಾ ಇನ್ನೂ ಬಳಸಿಲ್ಲ. ಅಂಥ ಜಾಗದಲ್ಲಿ ಟೆರಾ ಬರಬಹುದು ಅಂತಲ್ಲ, ಬಂದೇ ಬರುತ್ತದೆ ಅಂತ ಇಟ್ಟುಕೊಳ್ಳಿ. ಇನ್ನು ಯಾವಾಗ ಬಳಸಲಿ ಅಂತ ಉಳಿಸಿಕೊಳ್ಳೋಕೆ ಅವನಿಗೆ ಯಾವ ಕಾರಣವೂ ಇಲ್ಲ.

ಹಾಗಾದರೆ ನೀವು ಯಾವಾಗ ಮಾಡಬೇಕು? ಸಿಂಗಲ್ಸ್‌ನಲ್ಲಿ ಆರರಲ್ಲಿ ಮೂವರನ್ನು ಆರಿಸುತ್ತೀರಿ. ಆಗಲೇ ಎದುರಾಳಿಯ ಆರನ್ನು ನೋಡಿ, ಇವತ್ತು ನನ್ನ ಮೂವರಲ್ಲಿ ಟೆರಾ ಬೇಕಾದ್ದು ಯಾರಿಗೆ ಅಂತ ಒಂದು ಹೆಸರು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎರಡನೇ ಹೆಸರೂ ಇರಲಿ, ಯಾಕೆಂದರೆ ಮೊದಲನೆಯದು ಬೇಗ ಬಿದ್ದುಹೋಗಬಹುದು. ಆಮೇಲೆ ಟೆರಾ ಬಟನ್ ಮುಟ್ಟುವ ಮೊದಲು ಕೇಳಿಕೊಳ್ಳಿ: ಇದರಿಂದ ಅವನ ಒಂದು ಟರ್ನ್ ಹಾಳಾಗುತ್ತದಾ, ಇಲ್ಲವೇ ಅವನ ಒಂದು ಪೋಕೆಮಾನ್ ಈಗಲೇ ಬೀಳುತ್ತದಾ? ಎರಡೂ ಇಲ್ಲ ಅಂದರೆ ಬೇಡ. ಒಂದು ಏಟಿನಿಂದ ಸ್ವಲ್ಪ ಜಾಸ್ತಿ ಜೀವ ಉಳಿಸಿಕೊಳ್ಳೋಕೆ ಮಾಡುವ ಟೆರಾ ಬಹುತೇಕ ದಂಡ. ಸ್ವಿಚ್ ಮಾಡಿ ತಪ್ಪಿಸಿಕೊಳ್ಳಬಹುದಾದ ಏಟಿಗೆ ಟೆರಾ ಖರ್ಚು ಮಾಡಬೇಡಿ. ಇನ್ನೊಂದು ತಾಂತ್ರಿಕ ಮಾತು: ಕಣಕ್ಕೆ ಇಳಿಯುವ ಟರ್ನ್‌ನಲ್ಲೇ ಟೆರಾ ಮಾಡೋಕೆ ಆಗಲ್ಲ. ಆ ಪೋಕೆಮಾನ್ ಒಂದು ಏಟು ತಡೆದುಕೊಂಡು ನಿಲ್ಲಬೇಕು, ಇಲ್ಲವೇ ಬೇರೊಂದು ಬಿದ್ದಾಗ ಸುರಕ್ಷಿತವಾಗಿ ಇಳಿಯಬೇಕು. ಅದನ್ನೂ ಲೆಕ್ಕದಲ್ಲಿಡಿ.

ಎದುರಾಳಿ ಟೆರಾ ಬಳಸಿದ ಮೇಲೆ ಪಂದ್ಯ ಸಲೀಸಾಗುತ್ತದೆ. ಅಲ್ಲಿಂದ ಮುಂದೆ ನಿಮ್ಮ ಬಾಯಿಪಾಠದ ಚಾರ್ಟ್ ಮತ್ತೆ ಕೆಲಸಕ್ಕೆ ಬರುತ್ತದೆ, ಅವನ ಕಡೆ ಇನ್ನು ಯಾವ ಅಚ್ಚರಿಯೂ ಇಲ್ಲ. ಹಾಗಾಗಿ ಒಂದು ಟರ್ನ್ ಏಟು ತಡೆಯುವ ಪ್ರೊಟೆಕ್ಟ್ ಇರುವವರು ಅನುಮಾನದ ಟರ್ನ್‌ನಲ್ಲಿ ಅದನ್ನು ಒತ್ತಿ ಟೆರಾ ಹೊರಗೆ ಬರಿಸೋದೂ ಉಂಟು. ನಿಮ್ಮದು ಕೈಯಲ್ಲಿದ್ದು ಅವನದು ಮುಗಿದಿದ್ದರೆ, ಪೋಕೆಮಾನ್ ಸಂಖ್ಯೆ ಸಮ ಇದ್ದರೂ ನೀವು ಮುಂದಿದ್ದೀರಿ.

ಕೊನೆಗೆ ನಿಮ್ಮ ಟಸ್ಕ್. ಗ್ರೌಂಡ್ ಟೆರಾ ಕೆಟ್ಟದ್ದಲ್ಲ, ಹೆಡ್‌ಲಾಂಗ್ ರಷ್ ಎರಡು ಪಟ್ಟಾಗುತ್ತದೆ, ಫ್ಲೈಯಿಂಗ್, ಸೈಕಿಕ್, ಫೇರಿ ಭಯವೂ ಹೋಗುತ್ತದೆ. ಆದರೆ ವಾಟರ್, ಗ್ರಾಸ್, ಐಸ್ ಹಾಗೇ ಉಳಿಯುತ್ತವೆ, ಟಸ್ಕ್ ಎದುರು ಜನ ಮೊದಲು ಹುಡುಕೋದು ಅವನ್ನೇ. ನಾನಾಗಿದ್ದರೆ ಸ್ಟೀಲ್ ಇಡುತ್ತಿದ್ದೆ. ಟಸ್ಕ್‌ಗೆ ಇರುವ ದೌರ್ಬಲ್ಯಗಳು ಆರು: ವಾಟರ್, ಗ್ರಾಸ್, ಐಸ್, ಫ್ಲೈಯಿಂಗ್, ಸೈಕಿಕ್, ಫೇರಿ. ಸ್ಟೀಲ್ ಆದರೆ ಅದರಲ್ಲಿ ಐದು ಅರ್ಧಕ್ಕೆ ಇಳಿಯುತ್ತವೆ, ವಾಟರ್ ಮಾಮೂಲಿಯಾಗುತ್ತದೆ. ಹೊಡೆಯುವಾಗ ಗ್ರೌಂಡ್ ಮತ್ತು ಫೈಟಿಂಗ್ ಬಲ ಎರಡೂ ಹಾಗೇ ಇರುತ್ತದೆ. ಹೊಸದಾಗಿ ಫೈರ್, ಫೈಟಿಂಗ್, ಗ್ರೌಂಡ್‌ಗೆ ಹೆದರಬೇಕು, ಅದು ಅದರ ಬೆಲೆ. ಬದಲಾಯಿಸೋಕೆ ಸ್ಟೀಲ್ ಟೆರಾ ಶಾರ್ಡ್ 50 ಬೇಕು. ಮೆಡಾಲಿಯ ಟ್ರೆಷರ್ ಈಟರಿ ಹೋಟೆಲಿನಲ್ಲಿ ಅಡುಗೆಯವರಿಗೆ ಕೊಟ್ಟರೆ ಮಾಡಿಕೊಡುತ್ತಾರೆ. ಶಾರ್ಡ್ ಕಡಿಮೆ ಇದ್ದರೆ ಸ್ಟೀಲ್ ಟೆರಾ ರೇಡ್‌ಗಳನ್ನೇ ಆರಿಸಿ ಆಡಿ, ಆ ಟೈಪಿನ ಶಾರ್ಡ್ ಅಲ್ಲಿ ಸಿಗುತ್ತದೆ. ಹೋಗುವ ಮೊದಲು ಟಸ್ಕ್‌ನ ನಾಲ್ಕು ಮೂವ್‌ಗಳಲ್ಲಿ ನಾಕ್ ಆಫ್ ಇಲ್ಲವೇ ಐಸ್ ಸ್ಪಿನ್ನರ್‌ಗೆ ಒಂದು ಜಾಗ ಮಾಡಿ. ಕಿಂಗಾಂಬಿಟ್ ಘೋಸ್ಟ್ ಆದರೆ ಮೊದಲನೆಯದು, ಫ್ಲೈಯಿಂಗ್ ಆದರೆ ಎರಡನೆಯದು ಎರಡು ಪಟ್ಟು ಬೀಳುತ್ತದೆ.